ನೂರು ಕೊಟ್ಟರೆ ನೂರಹತ್ತು ವಾಪಸ್!

ಮನೆ ರಿಪೇರಿಗೆ ನೂರು ಖರ್ಚು ಮಾಡಿ, ನೂರಹತ್ತು ವಾಪಸ್ ಕೊಡುತ್ತೇವೆ ಎಂದು ಸರ್ಕಾರ ಹೇಳಿದರೆ ಯಾರು ಬೇಡ ಅನ್ನುತ್ತಾರೆ? ಕೋವಿಡ್‌ನಿಂದ ಕಂಗೆಟ್ಟಿದ್ದ ಇಟಲಿ 2020ರಲ್ಲಿ ಮಾಡಿದ್ದು ಇದನ್ನೇ. ಗೋಡೆಗೆ ಶಾಖ ಸೋರದಂತೆ ಹೊದಿಕೆ ಹಾಕಿಸಿದರೆ, ಹಳೇ ಬಾಯ್ಲರ್ ಬದಲಿಸಿದರೆ ಖರ್ಚಿನ ಶೇ 110ರಷ್ಟು ತೆರಿಗೆ ರಿಯಾಯಿತಿ. ಹೆಸರು ‘ಸೂಪರ್‌ಬೋನಸ್’. ಆ ರಿಯಾಯಿತಿಯನ್ನು ಬ್ಯಾಂಕಿಗೋ ಗುತ್ತಿಗೆದಾರನಿಗೋ ಮಾರಿಬಿಡಲೂ ಅವಕಾಶವಿತ್ತು.

ಉದ್ದೇಶ ಒಳ್ಳೆಯದೇ. ಕಟ್ಟಡದ ಇಂಧನ ದರ್ಜೆ ಎರಡು ಮೆಟ್ಟಿಲಾದರೂ ಏರಬೇಕೆಂಬ ಷರತ್ತೂ ಇತ್ತು. ಆದರೆ ತನ್ನ ಕೈಯಿಂದ ಬಿಡಿಗಾಸೂ ಹೋಗದಿದ್ದಾಗ ಮಾಲೀಕ ಚೌಕಾಸಿ ಯಾಕೆ ಮಾಡುತ್ತಾನೆ? ಗುತ್ತಿಗೆದಾರ ಹೇಳಿದ್ದೇ ದರವಾಯಿತು. ಆಗದ ಕೆಲಸಕ್ಕೂ ಬಿಲ್ ಹುಟ್ಟಿತು. ಬೊಕ್ಕಸದ ಹೊರೆ 10 ಸಾವಿರ ಕೋಟಿ ಯೂರೊ ದಾಟಿತು. ನವೀಕರಣಗೊಂಡದ್ದು ಸುಮಾರು 5 ಲಕ್ಷ ಕಟ್ಟಡ. 2023ರ ಫೆಬ್ರುವರಿಯಲ್ಲಿ ಸರ್ಕಾರ ರಿಯಾಯಿತಿ ಮಾರಾಟಕ್ಕೆ ತಡೆ ಹಾಕಿತು. ಕೊಳ್ಳುವವರಿಲ್ಲದ ರಿಯಾಯಿತಿ ಹಿಡಿದು ಕುಳಿತವರು ಸಣ್ಣ ನಿರ್ಮಾಣ ಕಂಪನಿಗಳವರು.

ಹಾಗೆಂದು ಸಬ್ಸಿಡಿಯೇ ಬೇಡ ಎನ್ನುವುದು ನೆಗಡಿಗೆ ಮೂಗು ಕೊಯ್ದಂತೆ. ಜರ್ಮನಿಯ ಸರ್ಕಾರಿ ಬ್ಯಾಂಕ್ ಕೆಎಫ್‌ಡಬ್ಲ್ಯು ಸಾಲ ಕೊಡುತ್ತದೆ. ಮನೆ ಎಷ್ಟು ಇಂಧನ ಉಳಿಸುತ್ತದೆಂದು ತಜ್ಞರು ಪ್ರಮಾಣೀಕರಿಸಿದ ಮೇಲೆ, ಅದಕ್ಕೆ ತಕ್ಕಂತೆ ಸಾಲದ ಒಂದು ಪಾಲು ಮನ್ನಾ. ಉಳಿದದ್ದನ್ನು ಮಾಲೀಕನೇ ತೀರಿಸಬೇಕು. (ಅಲ್ಲೂ 2022ರ ಜನವರಿಯಲ್ಲಿ ಹಣ ಸಾಲದೆ ಅರ್ಜಿ ಪಡೆಯುವುದನ್ನೇ ದಿಢೀರ್ ನಿಲ್ಲಿಸಿದ್ದರು ಅನ್ನಿ.) ನನ್ನ ವಾದ ಇಷ್ಟೇ: ಚಳಿಯಲ್ಲಿ ಹೀಟರ್ ಹಾಕಲೂ ಯೋಚಿಸುವ ಬಡವನಿಗೆ ಪೂರ್ತಿ ಹಣ ಕೊಡಲಿ. ಎರಡನೇ ಮನೆ ಇರುವವನು ಮಾತ್ರ ತನ್ನ ಜೇಬಿಗೂ ಕೈ ಹಾಕಲಿ.