ಬ್ಯಾಂಡಿಗೆ ಯಾಕೆ ಸರ್ಕಾರದ ದುಡ್ಡು?

ಜನವರಿ 29ರ ಸಂಜೆ ದೆಹಲಿಯ ವಿಜಯ್ ಚೌಕದಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್ ಅನ್ನು ಟೀವಿಯಲ್ಲಿ ನೋಡುತ್ತಾ ಕೂತಾಗ ಮನೆಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಗಡಿ ಕಾಯೋರಿಗೆ ಡ್ರಮ್ಮು, ಪೀಪಿ ಯಾಕಪ್ಪಾ? ಆ ದುಡ್ಡಲ್ಲಿ ನಮ್ಮೂರಿಗೊಂದು ರಸ್ತೆ ಮಾಡಬಾರದಾ?

ಪ್ರಶ್ನೆ ತಪ್ಪಲ್ಲ. ತೆರಿಗೆ ಕಟ್ಟುವವರು ಲೆಕ್ಕ ಕೇಳಲೇಬೇಕು. ಆದರೆ ಬ್ಯಾಂಡನ್ನು ಬರೀ ಶೋಕಿ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಬ್ಯಾಂಡಿನವರೂ ಸೈನಿಕರೇ. ಯುದ್ಧ ಬಂದರೆ ವಾದ್ಯ ಕೆಳಗಿಟ್ಟು ಗಾಯಾಳುಗಳನ್ನು ಸ್ಟ್ರೆಚರ್‌ನಲ್ಲಿ ಹೊರುವ ಕೆಲಸ ಅವರದು. ದೇಶದ ಕೈ ಬಿಗಿಯಾಗಿದ್ದ 1950ರಲ್ಲೇ ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ಸೇನೆಯ ಸಂಗೀತ ತರಬೇತಿ ಕೇಂದ್ರ ಶುರುವಾಯಿತು. ಆಗ ಸೇನೆಯ ಮುಖ್ಯಸ್ಥರಾಗಿದ್ದವರು ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪ. ಶಿಸ್ತಿನ ವಿಷಯದಲ್ಲಿ ಅವರಷ್ಟು ಬಿಗಿಯಾದವರು ಸಂಗೀತವನ್ನು ದಂಡದ ಖರ್ಚು ಅಂದುಕೊಂಡಿರಲಿಲ್ಲ.

ನಮ್ಮಲ್ಲೇ ನೋಡಿ. ಮೈಸೂರು ಅರಮನೆಯ ಬ್ಯಾಂಡ್ ಪರಂಪರೆ ಇವತ್ತು ಉಳಿದಿರುವುದು ಪೊಲೀಸ್ ಬ್ಯಾಂಡಿನಲ್ಲಿ. ಇಂಗ್ಲಿಷ್ ಬ್ಯಾಂಡಿನ ಜೊತೆಗೆ ಪಾಶ್ಚಾತ್ಯ ವಾದ್ಯಗಳಲ್ಲಿ ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡೂ ಅಲ್ಲಿದೆ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ನಾಗಸ್ವರ ವಾದಕರ ಮಗನೊಬ್ಬ ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ. ಆ ವಾದ್ಯವನ್ನು ಒಲಿಸಿಕೊಳ್ಳಲು ಅವನಿಗೆ ಸುಮಾರು 20 ವರ್ಷ ಹಿಡಿಯಿತು. ಆ ಹುಡುಗನೇ ಕದ್ರಿ ಗೋಪಾಲನಾಥ್. 2004ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅರಮನೆಯ ಖರ್ಚಿನ ಪುಸ್ತಕದಲ್ಲಿ ಈ ಲಾಭವನ್ನು ಯಾವ ಗುಮಾಸ್ತ ಬರೆದಾನು?

ಹಾಗಂತ ಈಗಿರುವ ವ್ಯವಸ್ಥೆಯೇ ಸರಿ ಅನ್ನುತ್ತಿಲ್ಲ. ಬ್ಯಾಂಡು ನುಡಿಯುವುದು ಹೆಚ್ಚಾಗಿ ಪರೇಡಿನಲ್ಲಿ, ಗಣ್ಯರ ಸ್ವಾಗತದಲ್ಲಿ, ದಸರಾದಲ್ಲಿ. ದುಡ್ಡು ಎಲ್ಲರದು, ಕೇಳುವ ಭಾಗ್ಯ ಮುಂದಿನ ಸಾಲಿನ ಕುರ್ಚಿಯವರದು. ನಮ್ಮ ಹಳ್ಳಿ ಶಾಲೆಗಳಲ್ಲಿ ಸಂಗೀತದ ಮೇಷ್ಟ್ರೇ ಇರುವುದಿಲ್ಲ. ಮದುವೆ ಮೆರವಣಿಗೆಯಲ್ಲಿ ಬ್ಯಾಂಡ್ ಬಾರಿಸುವ ಹುಡುಗರು ಕಿವಿಯಿಂದ ಕೇಳಿ ಕಲಿತವರು, ಕಲಿಸುವವರು ಸಿಕ್ಕಿಲ್ಲ.

ಆದ್ದರಿಂದ ನನ್ನ ವಾದ ಇಷ್ಟೇ. ಹಣ ನಿಲ್ಲಿಸುವುದು ಬೇಡ, ಷರತ್ತು ಹಾಕೋಣ. ಪೊಲೀಸ್ ಬ್ಯಾಂಡ್ ವರ್ಷಕ್ಕೊಮ್ಮೆಯಾದರೂ ತಾಲ್ಲೂಕಿನ ಸಂತೆ ಮೈದಾನಕ್ಕೆ ಬರಲಿ. ಬೆಂಗಳೂರು, ಬೆಳಗಾವಿಯ ಸೇನಾ ಕೇಂದ್ರಗಳ ಬ್ಯಾಂಡುಗಳು ಸುತ್ತಲಿನ ಸರ್ಕಾರಿ ಶಾಲೆಗಳಿಗೆ ಹೋಗಲಿ. ನಿವೃತ್ತ ವಾದಕರಿಗೆ ಗೌರವಧನ ಕೊಟ್ಟು ಮಕ್ಕಳಿಗೆ ಕಲಿಸಲು ಹೇಳಲಿ.

ಗೋಪಾಲನಾಥರಿಗೆ ಸ್ಯಾಕ್ಸೋಫೋನ್ ಕೇಳಲು ಮೈಸೂರಿಗೆ ಹೋಗುವ ಅವಕಾಶ ಸಿಕ್ಕಿತ್ತು. ಹೋಗಲಾಗದ ಮಕ್ಕಳೇ ಹೆಚ್ಚು. ಅವರಿದ್ದಲ್ಲಿಗೆ ಬ್ಯಾಂಡೇ ಬರಬೇಕು.