ಪ್ಲೇಯರು ಅಗ್ಗದ್ದಾದರೇನು?

ಕಳೆದ ತಿಂಗಳು ಮೈಸೂರಿಗೆ ಹೋಗಿದ್ದಾಗ ನಮ್ಮ ಸೋದರಮಾವನವರ ಮನೆಯಲ್ಲಿ ಎರಡು ದಿನ ನಿಲ್ಲುವ ಸಂದರ್ಭವೊದಗಿತು. ಕಾಫಿ ಮುಗಿಯುವುದಕ್ಕೆ ಮುಂಚೆಯೇ ಅವರು ತಮ್ಮ ಡಿ.ವಿ.ಡಿ. ಪ್ಲೇಯರಿನ ಅಹವಾಲನ್ನು ನನ್ನ ಮುಂದಿಟ್ಟರು.

“ನೋಡಯ್ಯಾ, ಎರಡು ಸಾವಿರ ರೂಪಾಯಿಗೆ ಕೊಂಡದ್ದು, ಹದಿನೈದು ವರ್ಷ ದುಡಿದಿದೆ. ಹಾಡೇನೋ ಕೇಳಿಸುತ್ತದೆ, ಆದರೆ ತಂಬೂರಿಯನ್ನು ತಗಡಿನ ಡಬ್ಬಿಯೊಳಗೆ ಮೀಟಿದ ಹಾಗಿದೆ. ಅಂಗಡಿಯವನು ಇದನ್ನು ಎಸೆದು ಹೊಸದನ್ನು ಕೊಳ್ಳಿರಿ, ನಲವತ್ತು ಸಾವಿರವಾಗುತ್ತದೆ ಎನ್ನುತ್ತಾನೆ. ಪಿಂಚಣಿಯಲ್ಲಿ ಬದುಕುವವನಿಗೆ ಅದು ಆಗುವ ಮಾತೆ?”

“ಅತ್ತೆಯವರ ಸಿ.ಡಿ.ಯನ್ನೂ ಇದರಲ್ಲಿಯೇ ತಾನೆ ಹಾಕುವುದು, ಮಾವ?” ಎಂದೆನು.

ಅವರು ಸುಮ್ಮನೆ ತಲೆಯಾಡಿಸಿದರು. ತೀರಿಹೋದ ನಮ್ಮ ಅತ್ತೆಯವರು ೨೦೦೬ರ ನವರಾತ್ರಿಯಲ್ಲಿ ಗೊಂಬೆಗಳ ಮುಂದೆ ಹಾಡಿದುದನ್ನು ನೆರೆಮನೆಯ ಹುಡುಗನೊಬ್ಬನು ಮುದ್ರಿಸಿ ಕೊಟ್ಟಿದ್ದನು. ಅದಕ್ಕೆ ಎರಡನೆಯ ಪ್ರತಿಯಿರಲಿಲ್ಲ.

ಇಂಥ ಪ್ಲೇಯರುಗಳು ಈಗ ಅಂಗಡಿಗಳಲ್ಲಿ ವಿರಳವಾಗಿದ್ದರೂ ವಾಚಕರಲ್ಲಿ ಅನೇಕರ ಮನೆಯಲ್ಲಿ ಧೂಳು ಹಿಡಿದು ಕುಳಿತಿರಬಹುದು. ಅದರ ನಾದವನ್ನು ಸುಧಾರಿಸುವ ಮಾರ್ಗವುಂಟೆ, ಉಂಟಾದರೆ ಎಲ್ಲಿಂದ ಆರಂಭಿಸಬೇಕು ಎಂಬುದನ್ನು ವಿಚಾರಮಾಡುವ ಮೊದಲು ಯಂತ್ರದ ಒಳಗುಟ್ಟನ್ನು ಸ್ವಲ್ಪ ತಿಳಿಯತಕ್ಕದ್ದು.

ಸೋನಿ, ಫಿಲಿಪ್ಸ್ ಎಂಬ ಎರಡು ಸಂಸ್ಥೆಗಳು ಕೂಡಿ ರೂಪಿಸಿದ ಸಿ.ಡಿ.ಯು ೧೯೮೨ರಲ್ಲಿ ಮಾರಾಟಕ್ಕೆ ಬಂದಿತು. ಗ್ರಾಮಫೋನು ತಟ್ಟೆಯಲ್ಲಿ ನಾದದ ಅಲೆಯೇ ಗೆರೆಯಾಗಿ ಕೊರೆದಿರುತ್ತದೆ. ಮುಳ್ಳು ಮೊಂಡಾದರೆ ಹಾಡೂ ಮೊಂಡು. ಸಿ.ಡಿ.ಯಲ್ಲಿರುವುದಾದರೋ ಕೇವಲ ಅಂಕೆಗಳು. ಎಡ ಬಲಗಳ ನಾದವನ್ನು ಬೇರೆ ಬೇರೆಯಾಗಿ ಸೆಕೆಂಡಿಗೆ ೪೪,೧೦೦ ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ೬೫,೫೩೬ ಮೆಟ್ಟಲುಗಳಲ್ಲಿ ಒಂದೆಂದು ಬರೆದಿಟ್ಟ ಲೆಕ್ಕದ ಕಡತವದು. ಗೀರು ಧೂಳುಗಳಿಂದ ಓದುವಾಗ ತಪ್ಪು ಬಿದ್ದರೆ ತಿದ್ದಿಕೊಳ್ಳಲು ಬೇಕಾದ ಹೆಚ್ಚಿನ ಅಂಕೆಗಳನ್ನೂ ಅದರಲ್ಲಿಯೇ ಸೇರಿಸಿರುತ್ತಾರೆ. ಆದುದರಿಂದ ಸಿ.ಡಿ. ಚೆನ್ನಾಗಿದ್ದರೆ ಎರಡು ಸಾವಿರದ ಪ್ಲೇಯರೂ ಎರಡು ಲಕ್ಷದ ಪ್ಲೇಯರೂ ಓದುವ ಅಂಕೆಗಳು ಒಂದೇ. ಸಿ.ಡಿ.ಯ ಅಂಚಿಗೆ ಹಸುರು ಶಾಯಿ ಬಳಿದರೆ ನಾದವು ಉತ್ತಮವಾಗುವುದೆಂದು ೧೯೯೦ರ ಸುಮಾರಿಗೆ ಪಾಶ್ಚಾತ್ಯ ದೇಶಗಳಲ್ಲಿ ಒಂದು ನಂಬಿಕೆ ಹಬ್ಬಿತ್ತು. ಅಂಕೆಗಳೇ ಬದಲಾಗದಿದ್ದ ಮೇಲೆ ಶಾಯಿ ಮಾಡುವುದಾದರೂ ಏನು?

ವ್ಯತ್ಯಾಸವಿದ್ದರೆ ಅದು ಓದಿದ ಮೇಲಿನದು. ಅಂಕೆಗಳನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುವ ಪರಿವರ್ತಕ, ಅದರ ಬಳಿಕ ಬರುವ ಸಣ್ಣ ಆಂಪ್ಲಿಫೈಯರು, ಇವೆರಡಕ್ಕೂ ವಿದ್ಯುತ್ತನ್ನು ಒದಗಿಸುವ ಭಾಗ: ಅಗ್ಗದ ಯಂತ್ರವನ್ನು ಮಾಡುವವರು ಹಣವನ್ನು ಉಳಿಸುವುದು ಇಲ್ಲಿಯೇ. ಆದರೂ ಈ ದೋಷವು ಸ್ಪೀಕರಿನ ಮತ್ತು ಕೋಣೆಯ ದೋಷಗಳ ಮುಂದೆ ಬಹಳ ಸಣ್ಣದೆಂಬುದು ನನ್ನ ಅನುಭವ. ದುರಸ್ತಿಯನ್ನು ಪ್ಲೇಯರಿನಿಂದ ಆರಂಭಿಸದೆ ಕಿವಿಗೆ ಸಮೀಪವಾದ ತುದಿಯಿಂದ ಆರಂಭಿಸತಕ್ಕದ್ದು.

ಆದರೆ ಮಾವನವರ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಂಡದ್ದು ಅತ್ತೆಯವರ ಸಿ.ಡಿ.ಯನ್ನು. ಮನೆಯಲ್ಲಿ ಮುದ್ರಿಸಿದ ಸಿ.ಡಿ.ಯು ಅಂಗಡಿಯಲ್ಲಿ ಕೊಂಡದ್ದರ ಹಾಗಲ್ಲ; ಅದರಲ್ಲಿ ಅಂಕೆಗಳು ನಿಂತಿರುವುದು ತೆಳ್ಳನೆಯ ಬಣ್ಣದ ಪದರವೊಂದರಲ್ಲಿ. ಬಿಸಿಲಿಗೂ ಸೆಕೆಗೂ ಆ ಬಣ್ಣವು ಕೆಡುತ್ತದೆ. ಮಾವನವರು ಅದನ್ನು ಪ್ರೀತಿಯಿಂದ ಕಿಟಕಿಯ ಬಳಿಯೇ ಇಟ್ಟುಕೊಂಡಿದ್ದರು! ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರಸಿ (ಸುತ್ತಲೂ ತಿರುವಿ ಒರಸಲಾಗದು), ಮೊಮ್ಮಗಳ ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಎರಡು ಪ್ರತಿಗಳನ್ನು ಮಾಡಿದೆವು. ಕೊನೆಯ ಹಾಡಿನಲ್ಲಿ ಓದುವ ವೇಗ ಬಹಳ ಕುಗ್ಗಿತು. ಆದರೂ ಪೂರ್ತಿಯಾಗಿ ಬಂದಿತು. ಇನ್ನೆರಡು ಬೇಸಗೆ ಕಳೆದಿದ್ದರೆ ಬರುತ್ತಿತ್ತೋ ಇಲ್ಲವೋ!

ಬಳಿಕ ಸ್ಪೀಕರುಗಳ ಸರದಿ. ಅವೆರಡೂ ಬೀರುವಿನ ನೆತ್ತಿಯ ಮೇಲೆ ಮೂಲೆಗೆ ಒತ್ತಿಕೊಂಡು, ಒಂದು ಕಿಟಕಿಯನ್ನೂ ಇನ್ನೊಂದು ದೇವರಮನೆಯನ್ನೂ ನೋಡುತ್ತಿದ್ದವು. ಮೂಲೆಗೆ ಒತ್ತಿದ ಸ್ಪೀಕರಿನಲ್ಲಿ ಮಂದ್ರವು ಉಬ್ಬಿ ಗದ್ದಲವಾಗುತ್ತದೆ; ಕಿವಿಯ ಮಟ್ಟಕ್ಕಿಂತ ಬಹಳ ಮೇಲಿದ್ದರೆ ತಾರದ ಸೂಕ್ಷ್ಮವು ಕಿವಿಯನ್ನು ತಪ್ಪಿಸಿ ಹೋಗುತ್ತದೆ. ಅವನ್ನು ಇಳಿಸಿ, ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಎರಡು ಸ್ಟೂಲುಗಳ ಮೇಲಿಟ್ಟು, ಮಾವನವರ ಆರಾಮಕುರ್ಚಿಗೂ ಎರಡು ಸ್ಪೀಕರುಗಳಿಗೂ ಮೂರು ಕಡೆಯೂ ಆರಾರು ಅಡಿ ಬರುವಂತೆ ಮಾಡಿದೆವು. ಆಗ ಇನ್ನೊಂದು ಸಂಗತಿ ಹೊರಬಿದ್ದಿತು. ಒಂದು ಸ್ಪೀಕರಿನ ತಂತಿಗಳು ಕೆಂಪಿಗೆ ಕಪ್ಪು, ಕಪ್ಪಿಗೆ ಕೆಂಪು ಎಂದು ಅದಲುಬದಲಾಗಿದ್ದವು. ಹೀಗಾದರೆ ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಮೃದಂಗದ ಎಡದ ತುಂಬುನಾದವು ನಡುವೆಯೇ ಲಯವಾಗುತ್ತದೆ, ಗಾಯಕನು ಎಲ್ಲಿ ಕುಳಿತಿದ್ದಾನೆಂಬುದು ತಿಳಿಯದು. ತಂತಿಯನ್ನು ಸರಿಪಡಿಸಲು ಎರಡು ನಿಮಿಷ ಹಿಡಿಯಿತು, ಖರ್ಚು ಕಾಸಿಲ್ಲ.

ಕೋಣೆಯ ನೆಲ ಬರಿಯ ಕೆಂಪು ಸಿಮೆಂಟು. ಚಪ್ಪಾಳೆ ತಟ್ಟಿದರೆ ಠಣ್ಣೆಂದು ಮರುದನಿ ಬರುತ್ತಿತ್ತು. ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ನವಲಗುಂದದ ಜಮಖಾನೆಯನ್ನು ಸ್ಪೀಕರಿಗೂ ಕುರ್ಚಿಗೂ ನಡುವೆ ಹಾಸಿದ ಮೇಲೆ ಆ ಠಣತ್ಕಾರವು ತಗ್ಗಿತು. ಜಮಖಾನೆಯು ಮೇಲಿನ ಸ್ವರಗಳನ್ನು ಮಾತ್ರ ಪಳಗಿಸುತ್ತದೆಂಬುದನ್ನು ಮರೆಯಬಾರದು. ಕೆಳಗಿನ ಸ್ವರಗಳಿಗೆ ದಪ್ಪ ಹಾಸಿಗೆ ಮೊದಲಾದುವು ಬೇಕು.

ಪ್ಲೇಯರಿನಲ್ಲಿ ಯಾರೋ “ರಾಕ್” ಎಂಬ ಸ್ವರಮಿಶ್ರಣವನ್ನು ಆರಿಸಿಟ್ಟಿದ್ದರು. ತಂಬೂರಿ ತಗಡಾಗದೆ ಮತ್ತೇನಾದೀತು? ಅದನ್ನು ತೆಗೆದೆವು. ಗಟ್ಟಿ ಮೆಲ್ಲಗೆ ಮಾಡುವುದನ್ನೂ ಪ್ಲೇಯರಿನ ರಿಮೋಟಿನಲ್ಲಿ ಮಾಡದೆ ಅಲ್ಲಿ ಪೂರ್ಣವಾಗಿಟ್ಟು ಆಂಪ್ಲಿಫೈಯರಿನಲ್ಲಿ ತಗ್ಗಿಸುವುದು ಮೇಲು. ಅಂಕೆಗಳ ಹಂತದಲ್ಲಿಯೇ ತಗ್ಗಿಸಿದರೆ ಅವುಗಳ ನಯವು ನಷ್ಟವಾಗುತ್ತದೆ.

ಮುಚ್ಚಳವನ್ನು ಬಿಚ್ಚಿ ಒಳಗಿನ ಚಿಪ್ಪುಗಳನ್ನು ಬದಲಾಯಿಸುವವರೂ ಉಂಟು. ಹತ್ತು ವರ್ಷಗಳ ಹಿಂದೆ ನಾನೂ ಆ ಹುಚ್ಚಿಗೆ ಬಿದ್ದವನೇ. ೪೫೫೮ ಎಂಬ ಚಿಪ್ಪನ್ನು ಕಿತ್ತು ಅದರ ಸ್ಥಾನದಲ್ಲಿ ೫೫೩೨ ಎಂಬುದನ್ನು ಬೆಸೆದು, ನಾದವು ದಿವ್ಯವಾಯಿತೆಂದು ಮನೆಯವರಿಗೆಲ್ಲ ಸಾರಿದೆನು. ತಮ್ಮನ ಮನೆಯಲ್ಲಿ ಅದೇ ಮಾದರಿಯ ಇನ್ನೊಂದು ಪ್ಲೇಯರಿತ್ತು. ನನ್ನಾಕೆ ಅದನ್ನು ತರಿಸಿ, ನಾನು ಕಾಣದಂತೆ ಒಮ್ಮೆ ಇದನ್ನೂ ಒಮ್ಮೆ ಅದನ್ನೂ ನುಡಿಸಿ ಕೇಳಿದಾಗ, ಹಳೆಯದನ್ನೇ ನಾಲ್ಕು ಸಲ ಹೊಸದೆಂದು ಹೊಗಳಿದೆನು. ಆ ಮಾತು ಈಗಲೂ ಮನೆಯಲ್ಲಿ ಹಬ್ಬಕ್ಕೊಮ್ಮೆ ಬರುವುದುಂಟು. ಅದೂ ಅಲ್ಲದೆ, ೨೩೦ ವೋಲ್ಟಿನ ವಿದ್ಯುತ್ತು ಯಂತ್ರದೊಳಗೆ ಸುಮಾರು ೩೨೫ ವೋಲ್ಟಾಗಿ ಕೆಪಾಸಿಟರಿನಲ್ಲಿ ತುಂಬಿರುತ್ತದೆ. ಪ್ಲಗ್ಗನ್ನು ಕಿತ್ತ ಮೇಲೂ ಕೆಲಹೊತ್ತು ಅಲ್ಲಿಯೇ ಇರುತ್ತದೆ. ತಲೆ ಉಬ್ಬಿದ ಹಳೆಯ ಕೆಪಾಸಿಟರುಗಳನ್ನು ಬದಲಾಯಿಸುವುದು ನಿಜವಾಗಿಯೂ ಪ್ರಯೋಜನದ ಕೆಲಸ, ಆದರೆ ಅದು ಬಲ್ಲ ರಿಪೇರಿಯವರ ಕೈಯಲ್ಲಿಯೇ ಆಗತಕ್ಕದ್ದು.

ಪೆಟ್ಟಿಗೆಯನ್ನು ಬಿಚ್ಚದೆಯೇ ಒಳಗಿನ ಪರಿವರ್ತಕವನ್ನು ಬಿಟ್ಟುಹೋಗುವ ಒಂದು ದಾರಿಯುಂಟು. ಅನೇಕ ಪ್ಲೇಯರುಗಳ ಬೆನ್ನಿನಲ್ಲಿ ಕಿತ್ತಳೆ ಬಣ್ಣದ “ಕೋಆಕ್ಸಿಯಲ್” ರಂಧ್ರವಿರುತ್ತದೆ. ಅಲ್ಲಿಂದ ಅಂಕೆಗಳೇ ಹೊರಬರುತ್ತವೆ. ಅವನ್ನು ಹೊರಗಿನ ಪರಿವರ್ತಕವೊಂದಕ್ಕೆ ಕೊಟ್ಟು, ಅದರಿಂದ ಆಂಪ್ಲಿಫೈಯರಿಗೆ ಸೇರಿಸಬಹುದು. ಇದಕ್ಕೆ ದುಬಾರಿಯ ತಂತಿ ಬೇಡ. ಪ್ಲೇಯರಿನ ಜೊತೆಗೆ ಬಂದ ಹಳದಿ ತುದಿಯ ವೀಡಿಯೋ ತಂತಿಯೇ ಸಾಕು, ಅದೂ ಇದಕ್ಕೆ ತಕ್ಕ ೭೫ ಓಮಿನದೇ. ಮರುದಿನ ಪೇಟೆಯಿಂದ ಎಂಟುನೂರು ರೂಪಾಯಿಯ ಪರಿವರ್ತಕವನ್ನು ತಂದು, ಹಳೆಯ ದಾರಿಯನ್ನೂ ಹೊಸ ದಾರಿಯನ್ನೂ ಆಂಪ್ಲಿಫೈಯರಿನ ಎರಡು ಬಾಯಿಗಳಿಗೆ ಜೋಡಿಸಿದೆನು. ಎರಡರ ಗಟ್ಟಿತನವನ್ನೂ ಸರಿಸಮ ಮಾಡಿಕೊಳ್ಳುವುದು ಇಲ್ಲಿ ಅತ್ಯಗತ್ಯ. ಕೊಂಚ ಗಟ್ಟಿಯಾದುದನ್ನು ಕಿವಿಯು ಮಧುರವೆಂದೇ ನಂಬುತ್ತದೆ. ಮಾವನವರು ಕಣ್ಣು ಮುಚ್ಚಿ ಕುಳಿತರು, ಮೊಮ್ಮಗಳು ಗುಂಡಿಯನ್ನು ತಿರುವಿದಳು. ಎಂಟರಲ್ಲಿ ನಾಲ್ಕು ಸಲ ಸರಿ, ನಾಲ್ಕು ಸಲ ತಪ್ಪು.

“ಹಾಗಾದರೆ ಇದನ್ನು ಹಿಂದಿರುಗಿಸಿಬಿಡೋಣ, ಮಾವ” ಎಂದೆನು.

“ತಾಳು, ನಿನ್ನ ಅತ್ತೆಯದನ್ನು ಹಾಕು” ಎಂದರು.

ಹಾಡು ನಡೆಯುತ್ತಿರುವಾಗ ಭೇದ ತಿಳಿಯಲಿಲ್ಲ. ಹಾಡು ನಿಂತಾಗ ಮಾತ್ರ, ಹಳೆಯ ದಾರಿಯಲ್ಲಿ ಸದಾ ಇರುತ್ತಿದ್ದ ಸಣ್ಣ ಗುಂಯ್ ಎಂಬ ಸದ್ದು ಹೊಸ ದಾರಿಯಲ್ಲಿರಲಿಲ್ಲ. ಆ ನಿಶ್ಶಬ್ದದಲ್ಲಿ ಬಳೆಗಳ ಸದ್ದು ಬಂದಿತು. ಆಮೇಲೆ ಅತ್ತೆಯವರು ಯಾರಿಗೋ ಮೆಲ್ಲಗೆ, “ಕುಂಕುಮ ತೆಗೆದುಕೊಂಡು ಹೋಗಿ” ಎಂದರು. ಇಷ್ಟು ವರ್ಷ ಆ ಮಾತು ಅಲ್ಲಿದ್ದುದು ಯಾರಿಗೂ ಕೇಳಿಸಿರಲಿಲ್ಲ. ಮಾವನವರು ಪರಿವರ್ತಕವನ್ನು ಹಿಂದಿರುಗಿಸಲು ಒಪ್ಪಲಿಲ್ಲ. ಮೂಲದ ಸಿ.ಡಿ. ಈಗ ಬೀರುವಿನೊಳಗೆ ಕತ್ತಲೆಯಲ್ಲಿದೆ, ನುಡಿಸುವುದು ಪ್ರತಿಯನ್ನು.