ಪೆಟ್ಟಿಗೆಯ ಬೋವಾ, ತೋಟದ ಹೆಬ್ಬಾವು

ದಕ್ಷಿಣ ಅಮೆರಿಕ ಮೂಲದ, ಮೊಟ್ಟೆಯಿಡದೆ ಮರಿಗಳನ್ನೇ ಹಡೆಯುವ ಬೋವಾ ಸರ್ಪವನ್ನು ಗಾಜಿನ ಪೆಟ್ಟಿಗೆಯಲ್ಲಿರಿಸಿ ಸಾಕುವ ಅಭಿಲಾಷೆಯುಳ್ಳವರು, ಆಷಾಢದ ಮಳೆ ಹಿಡಿದರೆ ದಿನಗಟ್ಟಲೆ ವಿದ್ಯುತ್ತಿಲ್ಲದ ಚೆಟ್ಟಳ್ಳಿಯಂತಹ ಊರಿನಲ್ಲಿ, 30 ಡಿಗ್ರಿಯ ಆಸುಪಾಸಿನ ಶಾಖವಿಲ್ಲದೆ ನುಂಗಿದ ಇಲಿಯನ್ನೂ ಸರಿಯಾಗಿ ಜೀರ್ಣಿಸಿಕೊಳ್ಳಲಾರದ ಆ ಜೀವಿಯ ಗತಿಯೇನೆಂಬುದನ್ನು ಮೊದಲು ಚಿಂತಿಸತಕ್ಕದ್ದು. ಇಂತಹ ಜೀವಿಗಳನ್ನು ಸಾಕುವ ಕುರಿತ 2024ರ ನಿಯಮಗಳನ್ವಯ ನೋಂದಣಿಯೂ ಕಡ್ಡಾಯ. ನೋಂದಾಯಿಸಿದ ಮಾತ್ರಕ್ಕೆ ಪಾಲನೆಯ ಹೊಣೆ ತೀರದು.

ನಮ್ಮ ಕಾಫಿ ತೋಟಗಳ ಹೆಬ್ಬಾವಾದರೋ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯ ರಕ್ಷಣೆಯುಳ್ಳದ್ದು. ಯಾರ ಆರೈಕೆಯನ್ನೂ ಬೇಡದೆ ಇಲಿ ಹೆಗ್ಗಣಗಳನ್ನು ನುಂಗುವುದು. ಹೆಣ್ಣಂತೂ ಮೊಟ್ಟೆಗಳನ್ನು ಸುತ್ತಿ ಮಲಗಿ, ಸ್ನಾಯುಗಳನ್ನು ಅದುರಿಸಿ ತಾನೇ ಕಾವು ಕೊಡುವುದು. ಹಾಗೆ ಕಾವು ಕೂತ ಹೆಬ್ಬಾವಿರುವ ಪೊದೆ ಕಂಡಲ್ಲಿ ಆಳುಗಳು ಕತ್ತಿಯೆತ್ತದಂತೆ, ಎರಡು ತಿಂಗಳ ಕಾಲ ಅಲ್ಲಿ ಕಳೆ ಕೊಚ್ಚದಂತೆ ತೋಟದ ಒಡೆಯರು ಅಪ್ಪಣೆ ಮಾಡಬೇಕೆಂಬುದು ನನ್ನ ಪ್ರಾರ್ಥನೆ.